ಪ್ಲಗಿನ್ ಅಪ್‌ಗ್ರೇಡ್ ಆದ ಮೇಲೆ ಹಳೆಯ ಪ್ರಾಜೆಕ್ಟ್‌ಗಳನ್ನು ಉಳಿಸಿಕೊಂಡ ಬಗೆ

ರಿಯಾಯಿತಿ ದರದಲ್ಲಿ ರಿವರ್ಬ್ ಪ್ಲಗಿನ್ (ಧ್ವನಿಗೆ ಮಾರ್ದನಿ ಸೇರಿಸುವ ಪೂರಕ ತಂತ್ರಾಂಶ) ಒಂದನ್ನು ಅಪ್‌ಗ್ರೇಡ್ ಮಾಡಿಕೊಂಡ ಮೇಲೆ, ಧ್ವನಿಮುದ್ರಣ ತಂತ್ರಾಂಶವಾದ ರೀಪರ್‌ನಲ್ಲಿ ಹಳೆಯ ಪ್ರಾಜೆಕ್ಟ್‌ಗಳನ್ನು ತೆರೆದಾಗಲೆಲ್ಲ ಆ ಪ್ಲಗಿನ್ ಸಿಗುತ್ತಿಲ್ಲವೆಂಬ ಸೂಚನೆ ಬರತೊಡಗಿತು. ತಯಾರಕರ ಸಹಾಯ ವಿಭಾಗದಿಂದ ಬಂದದ್ದು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ ಎಂಬ ಸಿದ್ಧ ಉತ್ತರವಷ್ಟೇ.

ಕಾರಣ ಬೇರೆಯೇ ಇತ್ತು. ಹಳೆಯ ಆವೃತ್ತಿ ವಿಎಸ್‌ಟಿ2 ಮಾದರಿಯದು, ಹೊಸದು ವಿಎಸ್‌ಟಿ3 ಮಾತ್ರ; ಇವು ಧ್ವನಿ ತಂತ್ರಾಂಶಕ್ಕೆ ಪ್ಲಗಿನ್ ಜೋಡಿಸುವ ಎರಡು ಬೇರೆ ಮಾನದಂಡಗಳು. ಇವನ್ನು ರೂಪಿಸಿದ ಸ್ಟೈನ್‌ಬರ್ಗ್ ಸಂಸ್ಥೆ 2018ರಲ್ಲಿ ವಿಎಸ್‌ಟಿ2 ಅಭಿವೃದ್ಧಿ ಕಿಟ್‌ನ ವಿತರಣೆಯನ್ನು ನಿಲ್ಲಿಸಿದ ಮೇಲೆ ಹಲವು ತಯಾರಕರು ಇದೇ ದಾರಿ ಹಿಡಿದಿದ್ದಾರೆ. ಎರಡರ ಆಂತರಿಕ ಗುರುತು ಬೇರೆಯಾದುದರಿಂದ, ತಯಾರಕರೇ ಹೊಂದಾಣಿಕೆಯನ್ನು ಅಳವಡಿಸದಿದ್ದರೆ, ಹೆಸರು ಒಂದೇ ಇದ್ದರೂ ಪ್ರಾಜೆಕ್ಟ್ ಹೊಸದನ್ನು ಗುರುತಿಸುವುದಿಲ್ಲ.

ನನ್ನ ಖಾತೆಯಿಂದ ಹಳೆಯ ಇನ್‌ಸ್ಟಾಲರ್ ಪಡೆದು ಎರಡೂ ಆವೃತ್ತಿಗಳನ್ನು ಒಟ್ಟಿಗೇ ಇಟ್ಟುಕೊಂಡೆ. ಹಳೆಯದರ ಸೆಟ್ಟಿಂಗ್‌ಗಳನ್ನು ಪ್ಲಗಿನ್‌ನದೇ ಪ್ರಿಸೆಟ್ ಕಡತವಾಗಿ ಉಳಿಸಿ ಹೊಸದರಲ್ಲಿ ತೆರೆದಾಗ ಡಿಕೇ (ಮಾರ್ದನಿ ಕ್ಷೀಣಿಸುವ ಅವಧಿ), ಪ್ರಿ-ಡಿಲೇ (ಮಾರ್ದನಿ ಶುರುವಾಗುವ ಮುನ್ನಿನ ವಿಳಂಬ) ಎಲ್ಲವೂ ಹಾಗೆಯೇ ಬಂದವು. ಆಟೊಮೇಷನ್ (ಹಾಡು ಸಾಗಿದಂತೆ ಸೆಟ್ಟಿಂಗ್‌ಗಳು ತಾವಾಗಿಯೇ ಬದಲಾಗುವ ವ್ಯವಸ್ಥೆ) ಮಾತ್ರ ಕೈಯಿಂದಲೇ ಮರುಜೋಡಿಸಬೇಕಾಯಿತು. ಮುಗಿದ ಹಾಡುಗಳ ಟ್ರ್ಯಾಕ್‌ಗಳನ್ನು ಪ್ಲಗಿನ್ ಇಲ್ಲದೆಯೂ ಕೇಳಬಹುದಾದ ವೇವ್ ಧ್ವನಿ ಕಡತಗಳಾಗಿ ರೆಂಡರ್ ಮಾಡಿಟ್ಟಿದ್ದೇನೆ.