ಅವ್ವನ ರೊಟ್ಟಿ, ನಮ್ಮ ಸುಳ್ಳು

‘ಯುನೈಟೆಡ್ ಸ್ಟೇಟ್ಸ್ ಆಫ್ ಟಾರಾ’ ಅಂತ ಒಂದು ಅಮೆರಿಕದ ಧಾರಾವಾಹಿ. 2009ರಿಂದ 2011ರವರೆಗೆ 36 ಕಂತು ಬಂತು. ತಾಯಿ ಟಾರಾಳೊಳಗೆ ಬೇರೆ ಬೇರೆ ವ್ಯಕ್ತಿಗಳು ಎದ್ದು ಬರುತ್ತಾರೆ. ಒಮ್ಮೆ ಹದಿಹರೆಯದ ಹುಡುಗಿ, ಒಮ್ಮೆ ಬಕ್ ಅನ್ನೋ ಗಂಡಸು. ಗಂಡ, ಮಕ್ಕಳು ಅದರ ನಡುವೆಯೇ ಸಂಸಾರ ಮಾಡುತ್ತಾರೆ. ಟಾರಾ ಪಾತ್ರದಲ್ಲಿ ಟೋನಿ ಕೊಲೆಟ್ ನಟನೆ ನೋಡುತ್ತಾ ನಕ್ಕೆ, ಅತ್ತೆ. ಕಲಬುರಗಿಯ ನಮ್ಮ ಮನೆಯ ಕಥೆಯನ್ನೂ ಹೀಗೆ ನಾಟಕವಾಗಿ ಬರೆಯಬೇಕು ಅನ್ನಿಸಿತು.

ಅವ್ವನಿಗಿರೋ ಕಾಯಿಲೆ ಬೇರೆ, ಬೈಪೋಲಾರ್. ಉಮೇದು ಏರಿದಾಗ ದಿನಗಟ್ಟಲೆ ನಿದ್ದೆ ಇಲ್ಲ. ಇಳಿದಾಗ ಹಾಸಿಗೆ ಬಿಟ್ಟು ಏಳಲ್ಲ.

ಮೊದಲ ದೃಶ್ಯ ಸಲೀಸಾಗಿ ಬಂತು. ರಾತ್ರಿ ಎರಡು ಗಂಟೆ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಬುಟ್ಟಿ ತುಂಬಿದರೂ ಕೈ ನಿಲ್ಲುತ್ತಿಲ್ಲ. ಗೆಳೆಯರಿಗೆ ಓದಿದೆ, ಎಲ್ಲರೂ ನಕ್ಕರು. ಅವ್ವನಿಗೂ ಓದಿದೆ. ಅವಳು ನಗಲಿಲ್ಲ.

"ನಾ ರೊಟ್ಟಿ ಬಡದದ್ದು ಬರದಿ. ಅವತ್ತ ನೀವೆಲ್ಲಾ ಏನ್ ಮಾಡಿದ್ರಿ, ಅದನ್ನೂ ಬರಿ."

ನಾವು ಸುಳ್ಳು ಹೇಳಿದ್ದೆವು. ಬೆಳಿಗ್ಗೆ ಅಪ್ಪ ಓಣಿಯ ಮನೆಮನೆಗೂ ರೊಟ್ಟಿ ಹಂಚಿ "ಹರಕಿ ಇತ್ರಿ" ಅಂದಿದ್ದರು. ಪಕ್ಕದ ಮನೆ ಕಾಕು ಯಾವ ದೇವರ ಹರಕೆ ಅಂತ ಕೇಳಿದಾಗ ಅಪ್ಪ ಒಂದು ದೇವರ ಹೆಸರು ಹೇಳಿದರು, ನಾನು ಇನ್ನೊಂದು. ಇದನ್ನು ಬರೆದ ಮೇಲೆ ನಗು ಅವ್ವನ ಕಾಯಿಲೆ ಬಿಟ್ಟು ನಮ್ಮ ಮುಚ್ಚಿಡುವ ಚಟದ ಮೇಲೆ ಬಿತ್ತು. ಅದೇ ಸರಿ ಅಲ್ವಾ? ಕಾಯಿಲೆ ಯಾರೂ ಬೇಕಂತ ತಂದುಕೊಂಡಿದ್ದಲ್ಲ. ಸುಳ್ಳು ನಾವೇ ಆರಿಸಿಕೊಂಡಿದ್ದು.

ಎರಡನೇ ದೃಶ್ಯ ಬೇಸಿಗೆಯದು. ಅವ್ವ ಈ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾಳೆ. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ಜಾಸ್ತಿಯಾಗಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ನಡುಗುತ್ತದೆ, ವಾಂತಿಯಾಗುತ್ತದೆ, ನಡಿಗೆ ತಪ್ಪುತ್ತದೆ. ಆಗ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಉಪ್ಪನ್ನೂ ಸುಮ್ನೆ ಬಿಡುವಂತಿಲ್ಲ. ಇದನ್ನೆಲ್ಲ ಡಾಕ್ಟರ್ ಪಾತ್ರದ ಬಾಯಲ್ಲಿ ಹೇಳಿಸಿದ್ದೆ, ಪಾಠದ ಹಾಗೆ ಕೇಳಿಸಿತು. ಹೊಡೆದು ಹಾಕಿದೆ. ಬದಲಿಗೆ ವೇದಿಕೆಯ ಮೇಲೆ ಒಂದು ಮಣ್ಣಿನ ಗಡಿಗೆ ಇಟ್ಟೆ. ಹಾದು ಹೋಗುವವರೆಲ್ಲ ಅವ್ವನ ಕೈಗೆ ಒಂದು ಲೋಟ ನೀರು ಕೊಡುತ್ತಾರೆ. ಅಪ್ಪ, ಅಣ್ಣ, ಕೊನೆಗೆ ಹಾಲಿನವನೂ.

ಮನೆಯ ಪಡಸಾಲೆಯಲ್ಲಿ ಓದು ನಡೆಯಿತು. ಕಾಕು ಕೂಡ ಬಂದಿದ್ದರು. ನಾಲ್ಕನೇ ಲೋಟ ಬಂತು. ಪಾತ್ರ ಮಾಡುವ ಹುಡುಗಿ ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ತಿರ ಕೂತಿದ್ದ ಅವ್ವ ಆ ಮಾತು ಹೇಳಿಬಿಟ್ಟಳು:

"ನಾ ಏನ್ ಎಮ್ಮಿ ಏನ್ರೋ, ಇಷ್ಟ್ ನೀರ್ ಕುಡೀಲಾಕ?"

ಅವ್ವನೇ ಎಲ್ಲರಿಗಿಂತ ಮೊದಲು ನಕ್ಕಳು.