ಫಾರ್ಮ್ಯಾಟ್ ಮಾಡದೆ ರೂಟ್ ವಿಭಾಗಕ್ಕೆ ಜರ್ನಲ್ ಸೇರಿಸುವುದು
ಹಳೆಯ ಲಿನಕ್ಸ್ ಯಂತ್ರದ ರೂಟ್ ವಿಭಾಗ (ವ್ಯವಸ್ಥೆಯ ಕಡತಗಳಿರುವ ಮುಖ್ಯ ಡಿಸ್ಕ್ ಭಾಗ) ಇನ್ನೂ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ, ಇಲ್ಲದ ಇಎಕ್ಸ್‌ಟಿ2 (ext2) ಎಂಬ ಕಡತ ವ್ಯವಸ್ಥೆಯಲ್ಲಿದ್ದರೆ ಅದನ್ನು ಅಳಿಸಿ ಮತ್ತೆ ತುಂಬುವ ಗೋಜು ಬೇಡ: ರೂಟ್ ಬಳಕೆದಾರರಾಗಿ ‘ಟ್ಯೂನ್2ಎಫ್‌ಎಸ್’ (tune2fs) ಆದೇಶಕ್ಕೆ ‘-ಜೆ’ (-j) ಆಯ್ಕೆಯನ್ನೂ ವಿಭಾಗದ ಹೆಸರನ್ನೂ ಕೊಡಿ, ಯಾವ ವಿಭಾಗವನ್ನು ಹೇಗೆ ಮೌಂಟ್ ಮಾಡಬೇಕು (ಬಳಕೆಗೆ ಜೋಡಿಸಬೇಕು) ಎಂದು ಹೇಳುವ ಎಫ್‌ಎಸ್‌ಟ್ಯಾಬ್ (/etc/fstab) ಕಡತದಲ್ಲಿ ಆ ವಿಭಾಗದ ಸಾಲನ್ನು ಇಎಕ್ಸ್‌ಟಿ3 (ext3) ಎಂದು ತಿದ್ದಿ, ಯಂತ್ರವನ್ನು ಮರುಪ್ರಾರಂಭಿಸಿ. ವಿಭಾಗ ಮೌಂಟ್ ಆಗಿರುವಾಗಲೇ ಇದನ್ನು ಮಾಡಬಹುದು. ಇಎಕ್ಸ್‌ಟಿ3 ಎಂದರೆ ಮೂಲತಃ ಇಎಕ್ಸ್‌ಟಿ2ರ ರಚನೆಗೇ ಜರ್ನಲ್ ಸೇರಿಸಿದ್ದು. ಕಡತಗಳು ಇದ್ದಲ್ಲೇ ಇರುತ್ತವೆ. ರೂಟ್‌ನಲ್ಲಿ ‘.ಜರ್ನಲ್’ ಎಂಬ ಕಡತ ಕಾಣಿಸಿಕೊಂಡರೆ ಕಸವೆಂದು ಅದರ ತಂಟೆಗೆ ಹೋಗಬೇಡಿ. ಉಪಾಯ ಕೈಕೊಡುವುದು ಹೆಚ್ಚಾಗಿ ಬೂಟ್ ಆಗುವಾಗ. ಲಿನಕ್ಸ್‌ನ ತಿರುಳಾದ ಕರ್ನೆಲ್ ರೂಟ್ ವಿಭಾಗವನ್ನು ಮೊದಲು ಮೌಂಟ್ ಮಾಡಿ, ಆಮೇಲಷ್ಟೇ ಎಫ್‌ಎಸ್‌ಟ್ಯಾಬ್ ಓದಲು ಸಾಧ್ಯ. ಹಾಗಾಗಿ ಇಎಕ್ಸ್‌ಟಿ3ರ ಚಾಲಕ ಪ್ರತ್ಯೇಕ ಮಾಡ್ಯೂಲ್ (ಕರ್ನೆಲ್‌ಗೆ ಬೇಕಾದಾಗ ಸೇರಿಸುವ ತುಣುಕು) ಆಗಿದ್ದು, ಬೂಟ್‌ನ ಆರಂಭದಲ್ಲಿ ಮೆಮೊರಿಗೆ ತುಂಬುವ ಪುಟ್ಟ ಕಡತ ವ್ಯವಸ್ಥೆಯಾದ ಇನಿಟ್‌ಆರ್‌ಡಿಯೊಳಗೆ (initrd) ಇಲ್ಲದಿದ್ದರೆ, ರೂಟ್ ಸದ್ದಿಲ್ಲದೆ ಇಎಕ್ಸ್‌ಟಿ2 ಆಗಿಯೇ ಮೌಂಟ್ ಆಗಬಹುದು. ಆಗ ಇನಿಟ್‌ಆರ್‌ಡಿಯನ್ನು ಹೊಸದಾಗಿ ಕಟ್ಟಬೇಕು. ಹಳೆಯ ವ್ಯವಸ್ಥೆಗಳಲ್ಲಿ ‘ಮೌಂಟ್’ ಆದೇಶ ಎಫ್‌ಎಸ್‌ಟ್ಯಾಬ್‌ನ ಮಾತನ್ನೇ ಗಿಳಿಯಂತೆ ಒಪ್ಪಿಸುತ್ತದೆ, ಆದ್ದರಿಂದ ನಿಜ ತಿಳಿಯಲು ಕರ್ನೆಲ್ ಸ್ವತಃ ತೋರಿಸುವ ‘/ಪ್ರೊಕ್/ಮೌಂಟ್ಸ್’ (/proc/mounts) ನೋಡಿ. (2015ರ 4.3 ಕರ್ನೆಲ್‌ನಿಂದೀಚೆಗೆ ಇಎಕ್ಸ್‌ಟಿ3ನ್ನೂ ಇಎಕ್ಸ್‌ಟಿ4ರ ಚಾಲಕವೇ ನೋಡಿಕೊಳ್ಳುತ್ತದೆ.) ಡಿಸ್ಕ್ ತುಂಬಿ ತುಳುಕುತ್ತಿದ್ದರೆ ಜರ್ನಲ್‌ಗೆ ಜಾಗ ಸಿಗುವುದಿಲ್ಲ, ಮೊದಲು ಸ್ವಲ್ಪ ಖಾಲಿ ಮಾಡಿ. ಬ್ಯಾಕಪ್ ಅಂತೂ ಇರಲೇಬೇಕು.