ಬಸುರಿಯ ತಟ್ಟೆಯಿಂದ ಒಂದು ತೆಗೆದರೆ ಇನ್ನೊಂದು ಇಡಿ

ನನ್ನ ತಂಗಿಯನ್ನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದೇವೆ. ಅವಳಿಗೆ ಐದು ತಿಂಗಳು ತುಂಬಿದಾಗ ನೋಡಿಕೊಂಡು ಬರೋಣವೆಂದು ಹೋಗಿದ್ದೆ. ಮಧ್ಯಾಹ್ನ ಮನೆಯವರೆಲ್ಲ ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಉಣ್ಣುತ್ತಿದ್ದರೆ ಇವಳ ತಟ್ಟೆಯಲ್ಲಿ ಬಿಳಿ ಅನ್ನ, ತಿಳಿಸಾರು, ಒಂದು ಹಪ್ಪಳ. ಹುರುಳಿ ಉಷ್ಣವೆಂದು ಅತ್ತೆ ಬಿಡಿಸಿದ್ದರು. ನುಗ್ಗೆಸೊಪ್ಪು, ಎಳ್ಳು, ಬದನೆಕಾಯಿ, ಪರಂಗಿ ಹಣ್ಣು ಕೂಡ ಅದೇ ಪಟ್ಟಿಯಲ್ಲಿ. ಮೊಟ್ಟೆ, ಮೀನು, ಕಾಫಿಯನ್ನು ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ಅವಳೇ ಬಿಟ್ಟಿದ್ದಳು. ತಾಯಿ ಕಾರ್ಡ್ ತೆಗೆದು ನೋಡಿದೆ. ಹಿಮೋಗ್ಲೋಬಿನ್ 9.2 ಎಂದು ಬರೆದಿತ್ತು.

"ಏನು ತಿನ್ನಬಾರದು ಅಂತ ಎಲ್ಲರೂ ಹೇಳ್ತಾರೆ ಅಕ್ಕ, ಏನು ತಿನ್ನಬೇಕು ಅಂತ ಒಬ್ಬರೂ ಹೇಳಲ್ಲ" ಅಂದಳು.

ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ. 7ಕ್ಕಿಂತ ಕೆಳಗಿಳಿದರೆ ತಾಯಿಯ ಜೀವಕ್ಕೇ ಅಪಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತ ಕಡಿಮೆ. ಹೀಗಿರುವಾಗ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತಾ ಹೋಗುವುದು ನಮಗೆ ತಡೆದುಕೊಳ್ಳುವ ಮಾತಲ್ಲ. ಅವತ್ತಿನಿಂದ ಹೆರಿಗೆಯವರೆಗೆ ನಾವು ಹೇಗೆ ಮಾಡಿದೆವೋ ಅದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ವೈದ್ಯರು ಬೇರೆ ಪಥ್ಯ ಹೇಳಿದ್ದರೆ ಅದೇ ಮೊದಲು.

ಮೊದಲು, ಬೇಡ ಅಂದದ್ದನ್ನೆಲ್ಲ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ. ಅತ್ತೆ ಹೇಳಿದ್ದು, ಅಮ್ಮ ಹೇಳಿದ್ದು, ಪಕ್ಕದ ಮನೆಯವರು ಹೇಳಿದ್ದು, ಫೋನಿನಲ್ಲಿ ಕಂಡದ್ದು. ಪ್ರತಿಯೊಂದರ ಎದುರು "ಯಾಕೆ?" ಎಂಬುದಕ್ಕೆ ಸಿಕ್ಕ ಉತ್ತರವನ್ನೂ ಬರೆಯಿರಿ. ನಾವು ಬರೆದಾಗ ಇಪ್ಪತ್ತಮೂರು ಪದಾರ್ಥಗಳಾದವು. ಉತ್ತರಗಳು ಮಾತ್ರ ಮೂರೇ ಬಗೆ: ಒಂದು, ರೋಗಾಣು ಅಥವಾ ವಿಷದ ಭಯ. ಎರಡು, ಉಷ್ಣ, ತಂಪು, ವಾಯು. ಮೂರು, ಮಗು ಕಪ್ಪಾಗುತ್ತದೆ, ಅವಳಿ ಮಗು ಹುಟ್ಟುತ್ತದೆ ಎಂಬಂಥವು.

ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸಿ. ಎರಡನೆಯದನ್ನು ಒಂದೊಂದಾಗಿ ಆಶಾ ಕಾರ್ಯಕರ್ತೆಯ ಹತ್ತಿರವೋ ವೈದ್ಯರ ಹತ್ತಿರವೋ ಕೇಳಿ. ಮೂರನೆಯದಕ್ಕಾಗಿ ಹೊಟ್ಟೆ ಕಟ್ಟಬೇಡಿ.

ನಿಜವಾಗಿ ಬಿಡಬೇಕಾದದ್ದು

ಹಸಿ ಹಾಲಿನಿಂದ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಸು ಇಲ್ಲದ ಮನೆ ಕಡಿಮೆ. ಫೋನಿನಲ್ಲಿ ಓಡಾಡುವ ವಿದೇಶಿ ಪಟ್ಟಿಗಳಲ್ಲಿ ಮೆದು ಚೀಸ್ ಬೇಡ ಎಂದಿರುತ್ತದೆ. ಅದನ್ನು ನಾವು ತಿನ್ನುವವರೇ ಅಲ್ಲವಲ್ಲ ಎಂದು ಮುಂದೆ ಹೋಗುತ್ತೇವೆ. ಅಲ್ಲಿ ಬೇಡ ಅನ್ನುವುದಕ್ಕೆ ಒಂದು ಕಾರಣ, ಕಾಯಿಸದ ಹಾಲಿನಲ್ಲಿ ಇರಬಹುದಾದ ಲಿಸ್ಟೀರಿಯಾ ಎಂಬ ರೋಗಾಣು. ಅದು ಗರ್ಭದ ಮಗುವಿಗೆ ತಗುಲಿ ಗರ್ಭಪಾತವನ್ನೂ ಮಾಡಿಸಬಲ್ಲದು. ಚೀಸ್ ನಾವು ತಿನ್ನದಿದ್ದರೂ ಅದೇ ಕಾಯಿಸದ ಹಾಲು ನಮ್ಮ ಕೊಟ್ಟಿಗೆಯಿಂದ ಲೋಟದಲ್ಲಿ ಬರುತ್ತದೆ. ಬೆಳಿಗ್ಗೆ ಕರೆದ ನೊರೆಹಾಲು ಬಸುರಿಗೆ ಶಕ್ತಿ ಎಂದು ಹಾಗೇ ಕೊಡುವ ಪದ್ಧತಿ ಇನ್ನೂ ಇದೆ. ದಯವಿಟ್ಟು ಕೊಡಬೇಡಿ. ಉಕ್ಕಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ, ಸೌಟಿನಲ್ಲಿ ತಿರುವುತ್ತಾ ಇನ್ನೂ ಒಂದೆರಡು ನಿಮಿಷ ಕಾಯಿಸಿ, ಆಮೇಲೆ ಕೊಡಿ. ಹಾಲು ಬಿಡಿಸಬೇಡಿ, ಹಸಿ ಹಾಲು ಬಿಡಿಸಿ.

ಇದಕ್ಕೇ ಸೇರಿದ ಇನ್ನೊಂದು ಮಾತು. ಹಸು ಅಥವಾ ಮೇಕೆ ತಿಂಗಳು ತುಂಬುವ ಮೊದಲೇ ಕಂದು ಹಾಕಿದರೆ ಅದು ಬ್ರುಸೆಲ್ಲೋಸಿಸ್ ಇರಬಹುದು. ಈ ರೋಗ ಹಾಲಿನಿಂದಲೂ ಮಾಸಿನಿಂದಲೂ ಮನುಷ್ಯರಿಗೆ ದಾಟುತ್ತದೆ. ಅಂಥ ಹಸುವಿನ ಹತ್ತಿರ ಬಸುರಿ ಹೋಗಲೇಬಾರದು. ಮಾಸು ಎತ್ತುವುದು, ಕೊಟ್ಟಿಗೆ ತೊಳೆಯುವುದು ಬೇರೆಯವರ ಕೆಲಸವಾಗಲಿ. ಪಶುವೈದ್ಯರಿಗೆ ಅವತ್ತೇ ತಿಳಿಸಿ. ಹಸು ಈದಾಗ ಬರುವ ಗಿಣ್ಣಿನ ಮೇಲೆ ನನ್ನ ತಂಗಿಗೆ ಬಹಳ ಬಯಕೆಯಿತ್ತು. ಹಸು ಆರೋಗ್ಯವಾಗಿದ್ದು, ಗಿಣ್ಣು ನಡುವಿನವರೆಗೂ ಗಟ್ಟಿಯಾಗಿ ಬೆಂದಿದ್ದರೆ ತಿನ್ನಬಹುದು. ಅವಳು ತಿಂದಳು.

ಉಳಿದವು ಬೇಗ ಹೇಳಿಬಿಡುತ್ತೇನೆ. ಹಳದಿ ಸುರಿಯುವ ಅರೆಬೆಂದ ಮೊಟ್ಟೆ, ಸರಿಯಾಗಿ ಬೇಯದ ಮಾಂಸ, ಮೀನು ಬೇಡ. ಪರಂಗಿ ಕಾಯಿ ಮತ್ತು ಅರೆ ಹಣ್ಣು ಬೇಡ. ಅದರ ಬಿಳಿ ಸೋನೆ ಗರ್ಭಕೋಶವನ್ನು ಹಿಂಡುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಹೆಚ್ಚಿಟ್ಟ ಹಣ್ಣು, ಪಾನಿಪುರಿಯ ನೀರು, ಬೆಳಿಗ್ಗೆಯಿಂದ ಹೊರಗೇ ಇದ್ದ ಅನ್ನ, ಚಟ್ನಿ ಬೇಡ. ಹೊಗೆಸೊಪ್ಪು, ಕಡ್ಡಿಪುಡಿ, ಸಾರಾಯಿ ಒಂದು ಚೂರೂ ಬೇಡ. ತಲೆನೋವು, ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು, ಏನು ಸೇರಿದೆ ಎಂದು ಗೊತ್ತಿಲ್ಲದ ಭಸ್ಮ, ಲೇಹ್ಯ ತಿನ್ನುವುದು ಇವೂ ಬೇಡ. ಕಾಫಿ ಪೂರ್ತಿ ಬಿಡಬೇಕಿಲ್ಲ, ದಿನಕ್ಕೆ ಒಂದೆರಡು ಸಣ್ಣ ಲೋಟ ಸಾಕು.

ಸೊಪ್ಪಿನ ಮಾತು ಮಾತ್ರ ಸ್ವಲ್ಪ ನಿಂತು ಹೇಳಬೇಕು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಆಯುವ ಬೆರಕೆ ಸೊಪ್ಪು ನಮ್ಮ ಸೀಮೆಯ ದೊಡ್ಡ ಆಸ್ತಿ. ಅಣ್ಣೆ, ದಂಟು, ಹೊನಗೊನ್ನೆ ಎಲ್ಲ ಬೆರೆತ ಆ ಸೊಪ್ಪನ್ನು ಅಗಲವಾದ ಬೇಸಿನ್ನಿನಲ್ಲಿ ನೀರು ತುಂಬಿ ಮುಳುಗಿಸಿ, ಅಲುಗಾಡಿಸಿ, ಸೊಪ್ಪನ್ನು ಮೇಲಿನಿಂದ ಎತ್ತಿಕೊಳ್ಳಿ. ಬೇಸಿನ್ನು ಬಗ್ಗಿಸಿ ಸೊಪ್ಪಿನ ಮೇಲೇ ನೀರು ಸುರಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಅಂಟುತ್ತದೆ. ನಾವು ತೊಳೆದ ದಿನ ಮೊದಲ ನೀರಿನ ತಳದಲ್ಲಿ ಕೆಮ್ಮಣ್ಣು ಬೆರಳಿನಿಂದ ಗೀಚುವಷ್ಟು ಕೂತಿತ್ತು. ನಾಲ್ಕನೇ ನೀರಿಗೆ ಬೇಸಿನ್ನಿನ ತಳ ಕಾಣಿಸಿತು. ಬೆಕ್ಕಿನ ಮಲ ಬೆರೆತ ಮಣ್ಣಿನಿಂದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬರಬಹುದು, ಅದು ಗರ್ಭದ ಮಗುವಿನ ಕಣ್ಣು, ಮೆದುಳಿಗೆ ತೊಂದರೆ ಕೊಡುತ್ತದೆ. ಅದಕ್ಕೇ ಇಷ್ಟು ಹೇಳಿದ್ದು.

ಟೊಮೆಟೊ ತೋಟವಿರುವ ಮನೆಯವರಿಗೆ ಇನ್ನೊಂದು ಮಾತು. ಔಷಧಿ ಹೊಡೆಯುವಾಗ ಬಸುರಿ ತೋಟದಲ್ಲಿ ಇರಬಾರದು. ಔಷಧಿ ಕಲಸುವುದು, ಹೊಡೆದ ಬಟ್ಟೆ ಒಗೆಯುವುದು, ಬೆನ್ನಲ್ಲೇ ಹಣ್ಣು ಬಿಡಿಸುವುದೂ ಬೇಡ. ಟೊಮೆಟೊ, ದ್ರಾಕ್ಷಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಶ್ರೀನಿವಾಸಪುರದ ಮಾವಾದರೂ ಅಷ್ಟೇ, ತೊಳೆದು ಸಿಪ್ಪೆ ತೆಗೆದು ತಿನ್ನಿ.

ಬಿಡಬೇಕಿಲ್ಲದ್ದು

ಹುರುಳಿ, ಬದನೆಕಾಯಿ, ನುಗ್ಗೆಸೊಪ್ಪು ಬೇಯಿಸಿ ತಿಂದರೆ ಗರ್ಭಕ್ಕೆ ಏನೂ ಆಗುವುದಿಲ್ಲ. ಎಳ್ಳಿನ ಭಯ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಹುಡುಗಿ ಮೈನೆರೆದಾಗ ನಮ್ಮಲ್ಲಿ ಎಳ್ಳು, ಬೆಲ್ಲ ಕುಟ್ಟಿ ಮಾಡಿದ ಚಿಗಳಿ ತಿನ್ನಿಸುತ್ತಾರೆ. ಎಳ್ಳು ಮುಟ್ಟು ತರಿಸುತ್ತದೆ, ಹಾಗಾದರೆ ಬಸುರು ಇಳಿಸೀತು ಎಂಬ ಹೆದರಿಕೆ ಅಲ್ಲಿಂದ ಬಂದಿರಬೇಕು ಅನ್ನಿಸುತ್ತದೆ. ಚಟ್ನಿಪುಡಿಗೆ ಹಾಕುವ ಎಳ್ಳಿನಿಂದ, ಒಂದು ಎಳ್ಳುಂಡೆಯಿಂದ ಹಾಗೇನೂ ಆಗದು. ಅನಾನಸ್ ಒಂದೆರಡು ಹೋಳು ತಿಂದರೂ ಅಷ್ಟೇ.

ಪೂರ್ತಿ ಹಣ್ಣಾದ ಪರಂಗಿಯೂ ತಪ್ಪಲ್ಲ. ಆದರೆ ಅದೊಂದಕ್ಕಾಗಿ ಮನೆಯಲ್ಲಿ ಜಗಳ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಸೀಬೆ, ಮಾವು, ಕಿತ್ತಳೆ ಆ ಜಾಗ ತುಂಬುತ್ತವೆ. ಹಿರಿಯರಿಗೂ ಒಂದು ಮಾತು ನಡೆದ ಸಮಾಧಾನ.

ಬಿಟ್ಟೇಬಿಡಬೇಕಾದ ನಂಬಿಕೆ ಎರಡಿವೆ. ಕಡಿಮೆ ತಿಂದರೆ ಮಗು ಸಣ್ಣದಾಗಿ ಹೆರಿಗೆ ಸಲೀಸು ಅನ್ನುವುದು ಒಂದು. ತೂಕ ಕಡಿಮೆಯಾಗಿ ಹುಟ್ಟಿದ ಮಗು ಬೇಗ ಕಾಯಿಲೆ ಬೀಳುತ್ತದೆ. ಸಾಮಾನ್ಯ ಮೈಕಟ್ಟಿನವಳು ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೊ ಏರಬೇಕು. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಅನ್ನುವುದು ಇನ್ನೊಂದು. ಕಪ್ಪಾಗುವುದು ಮಲ ಮಾತ್ರ, ಅದಕ್ಕೆ ಹೆದರಬೇಕಿಲ್ಲ.

ಖಾಲಿಯಾದ ಜಾಗ ತುಂಬಿ

ಯಾವುದನ್ನು ತೆಗೆದರೂ ಅದರ ಕೆಲಸ ಮಾಡುವ ಇನ್ನೊಂದನ್ನು ಅವತ್ತೇ ತಟ್ಟೆಗೆ ತನ್ನಿ. ಹುರುಳಿ ಬೇಡವೇ ಬೇಡ ಅಂದರೆ ಹೆಸರುಕಾಳು, ಅವರೆಕಾಳು, ಅಲಸಂದೆ. ಮೊಟ್ಟೆ ತಿನ್ನದವರಿಗೆ ಇನ್ನೊಂದು ಬಟ್ಟಲು ಗಟ್ಟಿ ಬೇಳೆ, ಒಂದು ಹಿಡಿ ಕಡಲೆಕಾಯಿ ಬೀಜ. ಮುದ್ದೆಯಂತೂ ಬಿಡಿಸಲೇಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಬಸ್ಸಾರು, ಮಸ್ಸೊಪ್ಪಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಹೆಚ್ಚು ಸೇರುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಆ ಲಾಭ ಹೋಗುತ್ತದೆ. ಒಂದು ಗಂಟೆಯಾದರೂ ತಡೆಯಿರಿ.

ಮಾತ್ರೆಗಳಲ್ಲೇ ನಮ್ಮ ತಂಗಿ ಎಡವಿದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕನೇ ತಿಂಗಳಿಂದ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ರಕ್ತ ಕಡಿಮೆಯಿದ್ದರೆ ಎಷ್ಟು ಎಂದು ವೈದ್ಯರೇ ಹೇಳುತ್ತಾರೆ. ಸುಣ್ಣದ ಮಾತ್ರೆ 500 ಮಿಲಿಗ್ರಾಮಿನದು ದಿನಕ್ಕೆರಡು. ಇವೆರಡನ್ನೂ ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅವಳು ಮರೆಯಬಾರದೆಂದು ಬೆಳಿಗ್ಗೆ ಮೂರನ್ನೂ ಒಂದೇ ಸಲ, ಅದೂ ಹಾಲಿನ ಜೊತೆ ನುಂಗುತ್ತಿದ್ದಳು! ನಾವು ಹೀಗೆ ಬದಲಿಸಿದೆವು: ತಿಂಡಿಯಾದ ಮೇಲೆ ಒಂದು ಸುಣ್ಣದ ಮಾತ್ರೆ, ಮಧ್ಯಾಹ್ನ ಊಟದ ಮೇಲೆ ಇನ್ನೊಂದು. ರಾತ್ರಿ ಊಟವಾಗಿ ಎರಡು ಗಂಟೆಯ ಮೇಲೆ, ಮಲಗುವ ಮುಂಚೆ, ನಿಂಬೆಹಣ್ಣಿನ ನೀರಿನಲ್ಲಿ ಕೆಂಪು ಮಾತ್ರೆ. ನಿದ್ದೆ ಬಂದುಬಿಡುವುದರಿಂದ ಹೊಟ್ಟೆ ತೊಳಸುವುದೂ ಕಡಿಮೆಯಾಯಿತು.

ಅಂಗನವಾಡಿಯನ್ನು ಮರೆಯಬೇಡಿ. ಗರ್ಭಿಣಿ, ಬಾಣಂತಿಯರಿಗೆ ತಿಂಗಳಿಗೆ 25 ದಿನ ಪೌಷ್ಟಿಕ ಊಟ ಕೊಡಲು ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅಲ್ಲಿ ಹೋಗಿ ತಿನ್ನುವುದು ಮರ್ಯಾದೆಗೆ ಕಡಿಮೆ ಎಂದು ಕೆಲವು ಮನೆಗಳಲ್ಲಿ ಸೊಸೆಯನ್ನು ಕಳಿಸುವುದಿಲ್ಲ. ಅದು ಅವಳ ಹಕ್ಕಿನ ಊಟ.

ನೀರು

ನಮ್ಮ ಎರಡೂ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ, ಕುಡಿಯುವುದಕ್ಕೆ ಮಾತ್ರವಲ್ಲ, ಅಡುಗೆಗೂ ಅದೇ ನೀರು. ಕ್ಯಾನಿನ ಒಳಗೆ ಪಾಚಿ ಕಟ್ಟದಂತೆ ತೊಳೆಯಿರಿ. ತುಂಬಿದ ಕ್ಯಾನನ್ನು ಬಸುರಿ ಹೊರಬಾರದು ಎಂದು ಬೇರೆ ಹೇಳಬೇಕಿಲ್ಲ.

ಹಿರಿಯರ ಜೊತೆ ಮಾತು

ಇದೇ ಕಷ್ಟದ ಭಾಗ. "ನಿಮಗೇನು ಗೊತ್ತು" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ತಂಗಿಯ ಅತ್ತೆ ಮೂವರನ್ನು ಹೆತ್ತವರು, ಎಂಟು ತಿಂಗಳಿಗೆ ಒಂದನ್ನು ಕಳೆದುಕೊಂಡವರು. ಅವರ ಪಟ್ಟಿಯ ಹಿಂದೆ ಆ ಸಂಕಟವಿತ್ತು. ನಾನು ತಾಯಿ ಕಾರ್ಡ್ ಹಿಡಿದು ಅವರ ಪಕ್ಕ ಕೂತೆ.

"ಅಮ್ಮ, ಇಲ್ಲಿ ಹನ್ನೊಂದು ಇರಬೇಕಂತೆ, ಒಂಬತ್ತೇ ಇದೆ. ಏನು ಮಾಡೋಣ ಹೇಳಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಕಾಲದಲ್ಲಿ ಯಾರು ನೋಡೋರು ಇದನ್ನೆಲ್ಲ" ಅಂದರು. ಆಮೇಲೆ, "ಹುರುಳಿ ಉಷ್ಣ ಕಣಮ್ಮ. ಮಜ್ಜಿಗೆ ಜೊತೆ ಕೊಟ್ಟರೆ ಆದೀತೇನೋ."

ಆಗಲಿ ಅಮ್ಮ, ಮಜ್ಜಿಗೆಯೂ ಇರಲಿ ಅಂದೆ. ಉಷ್ಣಕ್ಕೆ ತಂಪು ಸೇರಿಸುವ ದಾರಿ ಅವರಿಗೇ ಗೊತ್ತಿತ್ತು. ಗಂಡನನ್ನೂ ಕರೆದು ಕೂರಿಸಿ. ಸಂತೆಯಿಂದ ಏನು ತರಬೇಕು ಎಂಬುದು ಅವನ ಕಿವಿಗೂ ಬೀಳಬೇಕು.

ಯಾವಾಗ ಕೂಡಲೇ ಹೋಗಬೇಕು

ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಅದನ್ನು ಬಯಕೆ ಎಂದು ಬಿಡಬೇಡಿ. ಕಬ್ಬಿಣ ಕಡಿಮೆಯಾದಾಗ ಹೀಗಾಗುವುದುಂಟು, ನಾಚಿಕೆಪಡದೆ ವೈದ್ಯರಿಗೆ ಹೇಳಿ. ನೀರೂ ನಿಲ್ಲದಷ್ಟು ವಾಂತಿಯಾಗಿ ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಪರೀಕ್ಷೆ ಮಾಡಿಸದೆ ಮಾವಿನ ಕಾಲ ಕಳೆಯಬೇಡಿ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ರಕ್ತಸ್ರಾವ, ನೀರು ಹೋಗುವುದು, ಜ್ವರ, ಕಣ್ಣು ಮಂಜಾಗುವ ತಲೆನೋವು, ಮುಖ ಕೈ ಊದಿಕೊಳ್ಳುವುದು, ಫಿಟ್ಸ್, ಮಗುವಿನ ಅಲುಗಾಟ ಕಡಿಮೆಯಾಗುವುದು ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ತುರ್ತಿಲ್ಲದ ಅನುಮಾನಗಳನ್ನು ಅದೇ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ನೋಡುತ್ತಾರೆ. ತಂಗಿ ಏಳನೇ ತಿಂಗಳ ಒಂಬತ್ತನೇ ತಾರೀಕಿಗೆ ಹೋದಾಗ ಜೊತೆಗೆ ಹೋದವರು ಅವಳ ಅತ್ತೆ. ಹಾಳೆ ಅವರ ಕೈಯಲ್ಲೇ ಇತ್ತು. ಎಳ್ಳಿನ ವಿಷಯವನ್ನು ಅವರೇ ಕೇಳಿದರಂತೆ. ಅವತ್ತಿನ ಹಿಮೋಗ್ಲೋಬಿನ್ 10.4.